ರಾಣಿ ಮರದಿಂದ ಇಳಿಯುವವರೆಗೆ

ಜ್ಞಾನೇಶ್: ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದು ಅರ್ಧ ಗಂಟೆ ಎದ್ದು ಆಚೆ ಕೂತ್ಕೊಳ್ಳಿ. ಆಮೇಲೆ ಕತ್ತಲಾಗೋವರೆಗೂ ನೀವೇ ಓದ್ಕೊಳ್ಳಿ, ಯಾರು ಬೇಡ ಅಂತಾರೆ?

ಸುಬ್ಬಲಕ್ಷ್ಮಿ: ಆಗಲ್ಲ ಕಣಪ್ಪಾ. ರಾಣಿ ಮರದ ಮೇಲಿದಾಳೆ.

ಜ್ಞಾನೇಶ್: ಇನ್ನೂ ಇಳಿದಿಲ್ವಾ? ನಾನು ಬೆಳಿಗ್ಗೆ ಕಸ ಗುಡಿಸುವಾಗಲೇ ಹತ್ತಿದ್ದಳಲ್ಲಮ್ಮಾ!

ಸುಬ್ಬಲಕ್ಷ್ಮಿ: ಹೇಗೆ ಇಳೀತಾಳೆ? ಕೆಳಗೆ ಮದ್ದಾನೆ ನಿಂತಿದೆ. ನೀನಾಗಿದ್ರೆ ಇಳೀತಿದ್ಯಾ?

ಜ್ಞಾನೇಶ್: ನಾನು ಹತ್ತುತ್ತಲೇ ಇರಲಿಲ್ಲ ಬಿಡಿ.

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಜ್ಞಾನೇಶನದೊಂದು ಅಂಗಡಿ. ಮುಂದೆ ಎಸ್‌ಟಿಡಿ ಬೂತು, ಪಕ್ಕದಲ್ಲಿ ಜೆರಾಕ್ಸ್ ಯಂತ್ರ, ಒಳಗೆ ಪ್ಲೈವುಡ್ ಮರೆಯಲ್ಲಿ ಇಂಟರ್‌ನೆಟ್. ಕಂಪ್ಯೂಟರುಗಳು ಎರಡಿದ್ದವು. ಒಂದು ಹೋದ ವಾರದ ಸಿಡಿಲಿಗೆ ಸಿಕ್ಕಿ ರಿಪೇರಿಗೆ ಹೋಗಿತ್ತು. ಉಳಿದೊಂದರ ಮುಂದೆ ಸುಬ್ಬಲಕ್ಷ್ಮಿಯವರು ತಿರುಗುವ ಕುರ್ಚಿಗೆ ಮಡಿಪಂಚೆ ಹಾಸಿ, ಅದರ ಮೇಲೆ ಕಾಲು ಮಡಿಚಿ ಕುಳಿತಿದ್ದರು. ಮಾನಿಟರಿನ ಹಣೆಗೆ ಕುಂಕುಮ, ತಲೆಗೆ ಸೇವಂತಿಗೆ ಮಾಲೆ, ಕೀಬೋರ್ಡಿನ ಬಲಕ್ಕೆ ತಟ್ಟೆಯಲ್ಲಿ ಬಾಳೆಹಣ್ಣು, ಸಕ್ಕರೆ. ಮೌಸನ್ನು ಯಾರು ಯಾರೋ ಏನೇನೋ ತಿಂದು ಮುಟ್ಟಿರುತ್ತಾರೆಂದು ಅದಕ್ಕೆ ಹಳೇ ರೇಷ್ಮೆ ಸೀರೆಯ ತುಂಡೊಂದನ್ನು ಸುತ್ತಿದ್ದರು. ಹಾಗಾಗಿ ಬಾಣದ ಗುರುತು ಒಂದು ಕಡೆ ಹೋಗೆಂದರೆ ಇನ್ನೊಂದು ಕಡೆ ಜಾರುತ್ತಿತ್ತು.

ಅವರದು ಒಂದು ಹಳೆಯ ಕಾವ್ಯದ ಏಳು ದಿನದ ಪಾರಾಯಣ; ಮರ ಹತ್ತಿದ ರಾಣಿ ಅದರೊಳಗಿನವಳು. ಮಗಳು ಶರಾವತಿ ದ್ವಿತೀಯ ಪಿಯುಸಿಯಲ್ಲಿ ಪಾಸಾಗಲಿ ಎಂದು ಹೊತ್ತ ಹರಕೆ. ಇವತ್ತು ಏಳನೆಯ ದಿನ. ಸರ್ಕಾರದವರಿಗೂ ಅದೇನು ತಿಳಿಯಿತೋ, ಇವತ್ತೇ ಮಧ್ಯಾಹ್ನಕ್ಕೆ ಪಿಯುಸಿ ಫಲಿತಾಂಶ ಬಿಟ್ಟಿದ್ದರು. ನೋಡಬೇಕೆಂದರೆ ಇಂಟರ್‌ನೆಟ್ಟಿನಲ್ಲಿ ನೋಡಬೇಕು. ಫುಟ್‌ಪಾತಿನ ಮೇಲೆ ಹುಡುಗ ಹುಡುಗಿಯರ ಸಾಲು ಪಕ್ಕದ ಹಾಲಿನ ಬೂತಿನವರೆಗೂ ಬೆಳೆದಿತ್ತು. ಎಲ್ಲರೂ ಚಪ್ಪಲಿ ಬಿಟ್ಟೇ ನಿಂತಿದ್ದರು. ಅದು ಸುಬ್ಬಲಕ್ಷ್ಮಿಯವರ ಅಪ್ಪಣೆ.

ಜ್ಞಾನೇಶ್: ಅಮ್ಮಾ, ಶರಾವತಿ ಪಾಸೋ ಫೇಲೋ ಅನ್ನೋದು ಎಲ್ಲಿದೆ ಹೇಳಿ? ಇದೇ ಡಬ್ಬದೊಳಗಿದೆ. ನೀವು ಓದ್ತಿರೋ ಪುಟದ ಬೆನ್ನ ಹಿಂದೆನೇ ಇದೆ ಅಂದ್ಕೊಳ್ಳಿ. ಮೌಸ್ ಕೊಟ್ರೆ ಈಗಲೇ ತೋರಿಸ್ತೀನಿ.

ಸುಬ್ಬಲಕ್ಷ್ಮಿ: ಅಲ್ಲೇ ಇರ್ಲಿ. ದೇವರ ಮುಂದೆ ಪ್ರಸಾದ ಇಟ್ಟಿದೆ ಅಂತ ಮಂಗಳಾರತಿಗೆ ಮುಂಚೆ ಕೈ ಹಾಕ್ತೀವಾ?

ಜ್ಞಾನೇಶ್: ಪರೀಕ್ಷೆ ಬರೆದಿದ್ದು ಯಾವಾಗಲೋ ಆಯ್ತು. ಪೇಪರ್ ತಿದ್ದಿದ್ದಾಯ್ತು, ಮಾರ್ಕ್ಸ್ ಹಾಕಿದ್ದಾಯ್ತು. ಇನ್ನು ನೀವು ಓದಿದ್ರೆ ಏನು ಬದಲಾಗುತ್ತೆ?

ಸುಬ್ಬಲಕ್ಷ್ಮಿ: ಬದಲಾಗಲ್ಲ ಅಂತ ನೀನು ಒಳಗೆ ಹೋಗಿ ನೋಡ್ಕೊಂಡು ಬಂದ್ಯಾ? ಇಂಟರ್‌ನೆಟ್‌ನಲ್ಲಿರೋದು ನಿಮಿಷ ನಿಮಿಷಕ್ಕೂ ಬದಲಾಗ್ತಿರುತ್ತೆ ಅಂತ ಮೊನ್ನೆ ನೀನೇ ತಾನೆ ಹೇಳಿದ್ದು?

ಜ್ಞಾನೇಶ್: ಅದು ಕ್ರಿಕೆಟ್ ಸ್ಕೋರಿಗೆ ಹೇಳಿದ್ದು ತಾಯೀ!

ಸುಬ್ಬಲಕ್ಷ್ಮಿ: ಅವರದು ಬದಲಾಗ್ಬಹುದು, ನನ್ನ ಮಗಳದು ಬದಲಾಗಬಾರದಾ?

ಹೊರಗಿನ ಸಾಲಿನಿಂದ ಒಂದು ಕೂಗು ಬಂತು, “ಅಣ್ಣಾ, ಇನ್ನೆಷ್ಟು ಹೊತ್ತು?” ಜ್ಞಾನೇಶ್ ಕತ್ತು ಹೊರಹಾಕಿ, “ಬಂತು ಬಂತು, ಆನೆ ಹೊರಟ ತಕ್ಷಣ” ಎಂದ. ಆಮೇಲೆ ತಾನು ಏನು ಹೇಳಿದೆನೆಂದು ತನಗೇ ನಾಚಿಕೆಯಾಗಿ ಒಳಗೆ ಬಂದ.

ಜ್ಞಾನೇಶ್: ಹೋಗಲಿ, ಇಲ್ಲಿಗೇ ಒಂದು ಹೂವಿನ ಎಸಳಿಟ್ಟು ನಿಲ್ಲಿಸಿ. ಮಧ್ಯದಲ್ಲಿ ಕಾಫಿಗೆ ಏಳಲ್ವಾ ಜನ?

ಸುಬ್ಬಲಕ್ಷ್ಮಿ: ನಿಲ್ಲಿಸೋಕೂ ಒಂದು ಕ್ರಮ ಇದೆ ಮಾರಾಯ. ಕಷ್ಟದ ಸಂಧಿಯಲ್ಲಿ ಯಾವತ್ತೂ ನಿಲ್ಲಿಸಬಾರದು. ಕಥೆಯೊಳಗಿನವರನ್ನ ಕಷ್ಟದಲ್ಲಿ ಬಿಟ್ಟು ಎದ್ದರೆ ಆ ಕಷ್ಟ ಓದಿದವರ ಮನೆಗೆ ಬರುತ್ತೆ. ನಮ್ಮತ್ತೆ ಹಾಗೇ ಹೇಳ್ತಿದ್ರು. ಒಂದ್ಸಲ ಕಥೆಯ ರಾಜ ಹೊಳೆಯಲ್ಲಿ ಮುಳುಗ್ತಿದ್ದಾಗ ಅವರು ಎದ್ದುಬಿಟ್ಟಿದ್ರಂತೆ. ಆ ವರ್ಷ ಬಾವಿ ಕಟ್ಟೆ ಕುಸೀತು.

ಜ್ಞಾನೇಶ್: ಸರಿ, ಹಾಗಾದ್ರೆ ಬೇಗ ಬೇಗ ಓದಿ ಇಳಿಸಿಬಿಡಿ ಅವಳನ್ನ.

ಸುಬ್ಬಲಕ್ಷ್ಮಿ: ಕವಿ ಇಳಿಸಬೇಕಲ್ಲ! ಅವನಿನ್ನೂ ಮರದ ವರ್ಣನೆ ಮಾಡ್ತಿದಾನೆ. ಬೇರು ಆಯ್ತು, ಕಾಂಡ ಆಯ್ತು, ಈಗ ಕೊಂಬೆಗೆ ಬಂದಿದಾನೆ.

ಜ್ಞಾನೇಶ್: ಕೊಂಬೆ ಆದ್ಮೇಲೆ?

ಸುಬ್ಬಲಕ್ಷ್ಮಿ: ಎಲೆ.

ಜ್ಞಾನೇಶ್: ಒಂದೊಂದು ಎಲೆಗೂ ಒಂದೊಂದು ಪದ್ಯನಾ? ಅಮ್ಮಾ, ಇದು ಮಾವಿನ ಮರ ಅಲ್ಲ ತಾನೆ?

ಸುಬ್ಬಲಕ್ಷ್ಮಿ: ಆಲದ ಮರ.

ಜ್ಞಾನೇಶ್ ತಲೆಯ ಮೇಲೆ ಕೈ ಹೊತ್ತು ಸ್ಟೂಲಿನ ಮೇಲೆ ಕುಳಿತ. ತಪ್ಪು ಅವನದೂ ಇತ್ತು. ಸುಬ್ಬಲಕ್ಷ್ಮಿಯವರು ಈ ಹಳೆಯ ಕಾವ್ಯಕ್ಕಾಗಿ ಊರೆಲ್ಲ ಅಲೆದಿದ್ದರು. ಅಂಗಡಿಯಲ್ಲಿ ಅಚ್ಚು ಮುಗಿದಿದೆ ಎಂದರು, ಲೈಬ್ರರಿಯಲ್ಲಿ ಅದಿರುವ ಬೀರುವಿನ ಕೀಲಿಕೈ ಯಾರಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಜೆರಾಕ್ಸ್ ಮಾಡಿಸಲು ಬಂದವರು ಈ ಸಂಕಟ ಹೇಳಿಕೊಂಡಾಗ ಜ್ಞಾನೇಶನೇ ಎದೆಯುಬ್ಬಿಸಿ, “ಇಂಟರ್‌ನೆಟ್‌ನಲ್ಲಿ ಸಿಗದೇ ಇರೋದಿಲ್ಲ, ಕೂತ್ಕೊಳ್ಳಿ” ಎಂದು ಹುಡುಕಿ ತೋರಿಸಿದ್ದ.

ಜ್ಞಾನೇಶ್: ಪ್ರಿಂಟ್ ತೆಗೆದುಕೊಡ್ತೀನಮ್ಮಾ. ಉಳಿದಿದ್ದಷ್ಟನ್ನೂ. ನನ್ನ ಕಾಗದ, ನನ್ನ ಇಂಕು. ಮನೆಗೆ ತಗೊಂಡು ಹೋಗಿ ಫ್ಯಾನ್ ಕೆಳಗೆ ಕೂತು ಆರಾಮಾಗಿ ಓದಿ.

ಸುಬ್ಬಲಕ್ಷ್ಮಿ: ಸಂಕಲ್ಪ ಮಾಡಿದ ಗ್ರಂಥ ಬದಲಾಯಿಸೋ ಹಾಗಿಲ್ಲ.

ಜ್ಞಾನೇಶ್: ಗ್ರಂಥ ಅದೇ ಅಲ್ವಾ?

ಸುಬ್ಬಲಕ್ಷ್ಮಿ: ಪೀಠ ಬದಲಾಗುತ್ತಲ್ಲ. ಇದಕ್ಕೆ ಕುಂಕುಮ ಇಟ್ಟಿದೀನಿ.

ಜ್ಞಾನೇಶ್: ನಿಜ ಹೇಳಿ ಅಮ್ಮಾ. ಇದಲ್ಲ ಕಾರಣ. ಯಾಕೆ ಮನೆಗೆ ಹೋಗಲ್ಲ ಅಂತ ಇಷ್ಟು ಹಠ ನಿಮಗೆ?

ಸುಬ್ಬಲಕ್ಷ್ಮಿಯವರು ಮೊದಲ ಸಲ ಪರದೆಯಿಂದ ಕಣ್ಣು ತೆಗೆದರು. ಕುರ್ಚಿ ತನ್ನಷ್ಟಕ್ಕೆ ಅರ್ಧ ಸುತ್ತು ತಿರುಗಿ ಅವರನ್ನು ಜ್ಞಾನೇಶನ ಎದುರಿಗೆ ತಂದು ನಿಲ್ಲಿಸಿತು.

ಸುಬ್ಬಲಕ್ಷ್ಮಿ: ಮದುವೆಯಾಗಿ ಬಂದಾಗಿನಿಂದ ಒಂದು ಪುಸ್ತಕ ಮೊದಲಿಂದ ಕೊನೆವರೆಗೆ ಓದಿಲ್ಲ ಕಣೋ ನಾನು. ಮನೆಯಲ್ಲಿ ಕೈಗೆ ಪುಸ್ತಕ ತಗೊಂಡ್ರೆ ಸಾಕು, ಗ್ಯಾಸಿನವನು ಬರ್ತಾನೆ. ಅವನು ಹೋದ್ರೆ ಹಾಲು ಉಕ್ಕುತ್ತೆ. ಅದು ಇಳಿಸಿದ್ರೆ ಇವರು “ಸುಬ್ಬೂ, ನನ್ನ ಕನ್ನಡಕ ಎಲ್ಲಿ” ಅಂತಾರೆ. ಕನ್ನಡಕ ಅವರ ಹಣೆ ಮೇಲೇ ಇರುತ್ತೆ. ಸುಮ್ನೆ ಓದ್ತಿದೀನಿ ಅಂದ್ರೆ, “ಸುಮ್ನೆ ಇದ್ದೀಯಲ್ಲ, ಹಾಗಾದ್ರೆ ಇದೊಂದು ಮಾಡು” ಅಂತಾರೆ. ಪಾರಾಯಣ ಅಂದ್ರೆ ಮಾತ್ರ ಯಾರೂ ಮುಟ್ಟಲ್ಲ, ಮಾತಾಡ್ಸಲ್ಲ.

ಜ್ಞಾನೇಶ್: ಓಹೋ! ಹಾಗಾದ್ರೆ ಶರಾವತಿ ಹರಕೆ...

ಸುಬ್ಬಲಕ್ಷ್ಮಿ: ಹರಕೆ ಹರಕೆನೇ! ಮಗಳು ಪಾಸಾಗೋದು ಬೇಡ್ವಾ ನನಗೆ? ಹರಕೆಯಲ್ಲಿ ಸುಳ್ಳಿಲ್ಲ. ಆದ್ರೆ ಜೊತೆಗೆ ರಾಣಿನೂ ಇದಾಳೆ, ಅಷ್ಟೆ. ಇವತ್ತು ಕಡೇ ದಿನ. ನಾಳೆಯಿಂದ ಮತ್ತೆ ಗ್ಯಾಸು, ಹಾಲು, ಕನ್ನಡಕ. ತಿರುಗಿಸು ಕುರ್ಚಿನ.

ಜ್ಞಾನೇಶ್ ಕುರ್ಚಿ ತಿರುಗಿಸಿದ. ಸಾಲು ಮತ್ತೆ ಕೂಗಿತು. ಅವನಿಗೆ ಮತ್ತೆ ಅಂಗಡಿ ನೆನಪಾಯಿತು.

ಜ್ಞಾನೇಶ್: ಆದ್ರೂ ಗಂಟೆ ಲೆಕ್ಕ ಅಂತ ಒಂದಿದೆ ಅಮ್ಮಾ. ಹೊರಗೆ ನಿಂತೋರೆಲ್ಲ ಗಿರಾಕಿಗಳು.

ಸುಬ್ಬಲಕ್ಷ್ಮಿ: ಕಾವ್ಯ ಪುಕ್ಕಟೆ ಅಂತ ಅಲ್ಲೇ ಬರೆದಿದೆಯಲ್ಲ, ಯಾರು ಬೇಕಾದ್ರೂ ಓದಬಹುದು ಅಂತ. ಯಾರೋ ಪುಣ್ಯಾತ್ಮರು ಕೂತು ಒಂದೊಂದೇ ಅಕ್ಷರ ಟೈಪ್ ಮಾಡಿ ಊರಿಗೆಲ್ಲ ಹಂಚಿದಾರೆ. ನೀನು ಮಧ್ಯದಲ್ಲಿ ನಿಂತು ಗಂಟೆ ಹೊಡೀತಿದ್ದೀಯ.

ಜ್ಞಾನೇಶ್: ಆ ಪುಣ್ಯಾತ್ಮರ ಅಡ್ರೆಸ್ಸು ಒಂದು ಸಿಕ್ಕಿದ್ರೆ ಹೋಗಿ ಕೇಳ್ತೀನಿ. ಸ್ವಾಮೀ, ಹಾಕೋದು ಹಾಕಿದ್ರಿ, ಮರದ ವರ್ಣನೆ ಒಂದು ಬಿಟ್ಟು ಹಾಕಬಾರದಿತ್ತಾ?

ಅಷ್ಟರಲ್ಲಿ ಬೂತಿನ ಫೋನು ಬಡಿದುಕೊಂಡಿತು. ಶರಾವತಿ ಹೆದರಿ ಹಿಂದಿನ ದಿನವೇ ಭದ್ರಾವತಿಗೆ, ಚಿಕ್ಕಮ್ಮ ವಿಮಲಾಳ ಮನೆಗೆ ಓಡಿಹೋಗಿದ್ದಳು. ಅಲ್ಲಿ ಬೆಳಿಗ್ಗೆಯಿಂದ ಕರೆಂಟಿಲ್ಲ. ಹಾಗಾಗಿ ಇಲ್ಲಿಗೆ ಫೋನು.

ಜ್ಞಾನೇಶ್: ಹಲೋ... ಹೂಂ, ಶರಾವತಿ... ಇಲ್ಲ ಕಣಮ್ಮಾ, ಇನ್ನೂ ಮರದ ಮೇಲೇ ಇದಾಳೆ... ನಿಮ್ಮಮ್ಮ ಅಲ್ಲ! ನಿಮ್ಮಮ್ಮ ಕುರ್ಚಿ ಮೇಲಿದಾರೆ. ರಾಣಿ... ಯಾವ ರಾಣಿ ಅಂದ್ರೆ ನಾನೇನು ಹೇಳ್ಲಿ? ಅಮ್ಮಾ, ರಿಸಲ್ಟ್ ಒಂದು ನೋಡ್ಬೇಕಂತೆ.

ಸುಬ್ಬಲಕ್ಷ್ಮಿ: ಧೈರ್ಯವಾಗಿ ಊಟ ಮಾಡು ಅಂತ ಹೇಳು.

ಜ್ಞಾನೇಶ್: ಊಟ ಮಾಡ್ಬೇಕಂತಮ್ಮಾ... ಗಂಟಲಲ್ಲಿ ಇಳೀತಿಲ್ವಂತೆ.

ಸುಬ್ಬಲಕ್ಷ್ಮಿ: ರಾಣಿಗೂ ಅನ್ನ ಕಂಡು ಎಷ್ಟೋ ದಿನ ಆಯ್ತು, ಅವಳೇನು ಅಳ್ತಿದಾಳಾ ಅಂತ ಕೇಳು.

ಜ್ಞಾನೇಶ್: ಕೇಳಿದೆ. ಅವಳು ಅಳೋಕೆ ಶುರು ಮಾಡಿದ್ಲು. ಈಗ ನಿಮ್ಮ ತಂಗಿ ಮಾತಾಡ್ತಿದಾರೆ. ಅವರು ಹೇಳೋದನ್ನ ನಾನು ನನ್ನ ಬಾಯಲ್ಲಿ ಹೇಳಲ್ಲ.

ಸುಬ್ಬಲಕ್ಷ್ಮಿ: ಇಡು ಫೋನು.

ಫೋನಿಟ್ಟ ಕ್ಷಣಕ್ಕೇ ಹೊರಗೆ ಸ್ಕೂಟರೊಂದು ಕೆಮ್ಮಿ ನಿಂತಿತು. ಸುಬ್ಬಲಕ್ಷ್ಮಿಯವರ ಯಜಮಾನರು ವಾದಿರಾಜರು. ಮಾಚೇನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವರು. ಆಫೀಸಿನ ಕಂಪ್ಯೂಟರಿನಲ್ಲಿ ಫಲಿತಾಂಶ ನೋಡಿ, ಅರ್ಧ ದಿನ ರಜೆ ಹಾಕಿ, ಹೆಲ್ಮೆಟ್ಟಿನೊಳಗೇ ನಗುತ್ತಲೋ ಅಳುತ್ತಲೋ ಬಂದಿದ್ದರು. ಹೆಲ್ಮೆಟ್ ತೆಗೆಯದೇ ಒಳಗೆ ನುಗ್ಗಿದ್ದರಿಂದ ಯಾವುದೆಂದು ತಿಳಿಯುವಂತಿರಲಿಲ್ಲ.

ವಾದಿರಾಜ: ಸುಬ್ಬೂ, ಸುಬ್ಬೂ! ಬಂತು ಕಣೇ, ರಿಸಲ್ಟು! ನಮ್ಮ ಶರಾವತಿ...

ಸುಬ್ಬಲಕ್ಷ್ಮಿ: ರೀ, ಬೂಟು!

ವಾದಿರಾಜರು ಹಿಂದಕ್ಕೋಡಿ ಬೂಟು ಕಳಚಿ, ಒಂದು ಕಾಲುಚೀಲದಲ್ಲಿ ಬಂದರು. ಇನ್ನೊಂದು ಬೂಟಿನೊಳಗೇ ಉಳಿದಿತ್ತು.

ವಾದಿರಾಜ: ನಮ್ಮ ಶರಾವತಿ...

ಸುಬ್ಬಲಕ್ಷ್ಮಿ: ಬಾಯಿ ಮುಚ್ಚಿ! ಒಂದಕ್ಷರ ಆಡಿದ್ರೆ ನೋಡಿ.

ವಾದಿರಾಜ: ಅಯ್ಯೋ ಮಾರಾಯ್ತಿ, ಏನು ಬಂದಿದೆ ಅಂತ ಕೇಳೋದಾದ್ರೂ ಬೇಡ್ವಾ?

ಸುಬ್ಬಲಕ್ಷ್ಮಿ: ಏನೂ ಬಂದಿಲ್ಲ. ಮಂಗಳ ಹಾಡೋವರೆಗೂ ಬರೋ ಹಾಗಿಲ್ಲ. ಮೊದಲು ಪಾರಾಯಣ, ಆಮೇಲೆ ಫಲ. ಮೊದಲೇ ಫಲ ಹೇಳಿಬಿಟ್ರೆ ನಾನು ಓದಿದ್ದಕ್ಕೆ ಏನರ್ಥ? ನಾಳೆ ಅವಳೇ ಹೇಳ್ತಾಳೆ, ಅಮ್ಮ ಓದದೇ ಇದ್ರೂ ಆಗ್ತಿತ್ತು ಅಂತ.

ವಾದಿರಾಜ: ಒಗಟಿನಲ್ಲಿ ಹೇಳ್ಲಾ? ಸಿಹಿನೋ ಖಾರನೋ, ಅಷ್ಟೇ.

ಸುಬ್ಬಲಕ್ಷ್ಮಿ: ಹೆಲ್ಮೆಟ್ ತೆಗೀಬೇಡಿ. ನಿಮ್ಮ ಮುಖ ನೋಡಿದ್ರೆ ಗೊತ್ತಾಗುತ್ತೆ.

ವಾದಿರಾಜ: ಬೆವರ್ತಾ ಇದೆ ಕಣೇ!

ಸುಬ್ಬಲಕ್ಷ್ಮಿ: ಗೋಡೆ ಕಡೆ ತಿರುಗಿ ತೆಗೀರಿ.

ವಾದಿರಾಜರು ಗೋಡೆಗೆ ಮುಖ ಮಾಡಿ ಹೆಲ್ಮೆಟ್ ತೆಗೆದರು. ಹೊಟ್ಟೆಯಲ್ಲಿ ಸುದ್ದಿ ನಿಲ್ಲುತ್ತಿಲ್ಲ. ಕೊನೆಗೆ ಜ್ಞಾನೇಶನ ಕಿವಿ ಹತ್ತಿರಕ್ಕೆಳೆದು ಅದರೊಳಗೆ ಸುರಿದುಬಿಟ್ಟರು. ಜ್ಞಾನೇಶನ ಹುಬ್ಬು ಮೇಲೇರಿತು.

ಸುಬ್ಬಲಕ್ಷ್ಮಿ: ಜ್ಞಾನೇಶಾ, ನೀನೂ ಗೋಡೆ ಕಡೆ ತಿರುಗು.

ಜ್ಞಾನೇಶ್: ನಾನೇನು ಮಾಡ್ದೆ?

ಸುಬ್ಬಲಕ್ಷ್ಮಿ: ಮಾನಿಟರ್ ಗಾಜಲ್ಲಿ ನಿನ್ನ ಹುಬ್ಬು ಕಾಣ್ತಿದೆ.

ಹೀಗೆ ಇಬ್ಬರು ಗಂಡಸರು ಶಾಲೆಯಲ್ಲಿ ತಪ್ಪು ಮಾಡಿದ ಮಕ್ಕಳಂತೆ ಗೋಡೆ ನೋಡುತ್ತ ನಿಂತರು. ಸುಬ್ಬಲಕ್ಷ್ಮಿಯವರು ಗಂಟಲು ಸರಿಮಾಡಿಕೊಂಡು ಮುಂದಿನ ಪದ್ಯ ಎತ್ತಿದರು. ಇಲ್ಲಿಯವರೆಗೆ ಮೆಲುದನಿಯಲ್ಲಿ ಓದುತ್ತಿದ್ದವರು, ಬೇಗ ಮುಗಿಸುವ ಆತುರಕ್ಕೋ, ಹೊರಗಿನ ಗದ್ದಲ ಅಡಗಿಸುವುದಕ್ಕೋ, ಈಗ ರಾಗವಾಗಿ ದೊಡ್ಡದಾಗಿ ಓದತೊಡಗಿದರು. ಪದ್ಯ ಮುಗಿದೊಡನೆ ಅದರ ಅರ್ಥವನ್ನು, ಮನೆ ಜಗುಲಿಯಲ್ಲಿ ಕೂತು ಪಕ್ಕದ ಬೀದಿಯ ಸುದ್ದಿ ಹೇಳುವ ಹಾಗೆ ಹೇಳುವರು. ಎಲೆಯ ವರ್ಣನೆ ಮುಗಿಯಿತು. ಚಂದ್ರ ಹುಟ್ಟಿದ. ಆನೆ ಸೊಂಡಿಲೆತ್ತಿತು.

ಸುಬ್ಬಲಕ್ಷ್ಮಿ: ಏನಂತಾನೆ ಇಲ್ಲಿ ಅಂದ್ರೆ, ಆ ಆನೆ ಮರಾನ ಹಿಡಿದು ಅಲ್ಲಾಡಿಸ್ತಂತೆ. ಗೂಡಲ್ಲಿದ್ದ ಹಕ್ಕಿಗಳೆಲ್ಲ ಎದ್ದು ಚಂದ್ರನ್ನೇ ಮುಚ್ಚಿಬಿಟ್ವಂತೆ. ರಾಣಿಗೆ ಕತ್ತಲೆ.

ಜ್ಞಾನೇಶ್: (ಗೋಡೆಗೆ) ಆನೆ ಹಾಗೆ ಮಾಡಲ್ಲ.

ಸುಬ್ಬಲಕ್ಷ್ಮಿ: ಏನಂದೆ?

ಜ್ಞಾನೇಶ್: ನಮ್ಮೂರು ಗಾಜನೂರು ಅಮ್ಮಾ. ಅಲ್ಲೇ ಹತ್ತಿರ ಆನೆ ಬಿಡಾರ. ಆನೆ ನೋಡ್ಕೊಂಡೇ ಬೆಳೆದೋನು ನಾನು. ಬೇಡದ ಮರ ಆದ್ರೆ ಹಣೆ ಕೊಟ್ಟು ತಳ್ಳುತ್ತೆ. ಸೊಂಡಿಲಲ್ಲಿ ಹಿಡಿದು ಅಲ್ಲಾಡಿಸ್ತಿದೆ ಅಂದ್ರೆ ಅದಕ್ಕೆ ಮೇಲಿಂದ ಏನೋ ಬೇಕು ಅಂತ.

ವಾದಿರಾಜ: (ಗೋಡೆಗೆ) ಹಲಸಿನ ಹಣ್ಣಿರಬೇಕು.

ಜ್ಞಾನೇಶ್: ಆಲದ ಮರದಲ್ಲಿ ಹಲಸಿನ ಹಣ್ಣು ಎಲ್ಲಿಂದ ಬರುತ್ತೆ ಸಾರ್? ಬೇರು, ಕಾಂಡ, ಕೊಂಬೆ ಅಷ್ಟು ಹೇಳಿದಾನೆ, ಕೇಳಿಸ್ಕೊಂಡಿಲ್ವಾ?

ವಾದಿರಾಜ: ನಾನು ಈಗ ಬಂದಿದ್ದು ಕಣಯ್ಯಾ.

ಜ್ಞಾನೇಶ್: ಈಗ ಬಂದೋರು ಮಧ್ಯ ಮಾತಾಡಬಾರದು. ಅಮ್ಮಾ, ಅದು ಮದ್ದಾನೆ ಅಲ್ಲ. ಬರೆದಿಟ್ಕೊಳ್ಳಿ. ಅದು ಸಾಕಿದ ಆನೆ.

ಈ ಗದ್ದಲದಲ್ಲಿ ಯಾರೂ ಗಮನಿಸದ ಇನ್ನೊಂದು ಸಂಗತಿ ನಡೆದಿತ್ತು. ಹೊರಗಿನ ಸಾಲು ಒಳಗೆ ಬಂದಿತ್ತು. ಮುಂದಿನವರು ನೆಲದ ಮೇಲೆ ಕುಳಿತಿದ್ದರು, ಹಿಂದಿನವರು ಪ್ಲೈವುಡ್ಡಿನ ಮೇಲಿನಿಂದ ಇಣುಕುತ್ತಿದ್ದರು. ಎಲ್ಲರ ಕೈಯಲ್ಲೂ ಹಾಲ್ ಟಿಕೆಟ್ ಇತ್ತು, ಯಾರೂ ಅದನ್ನು ನೋಡುತ್ತಿರಲಿಲ್ಲ. “ಆಮೇಲೆ?” ಎಂದಿತು ಸಾಲು.

ಆಮೇಲೆ ಕರೆಂಟು ಹೋಯಿತು.

ಫ್ಯಾನು ನಿಂತಿತು, ದೀಪ ಆರಿತು. ಮೇಜಿನ ಕೆಳಗಿನ ಯುಪಿಎಸ್ ಡಬ್ಬಿ ಮಾತ್ರ ಕೀಂ ಕೀಂ ಎಂದು ಅಳಲಾರಂಭಿಸಿತು. ಪರದೆ ಇನ್ನೂ ಬೆಳಗುತ್ತಿತ್ತು.

ವಾದಿರಾಜ: ಮುಗೀತು! ಈಗಲಾದ್ರೂ ಏಳು. ಕರೆಂಟೇ ಇಲ್ಲ ಅಂದ್ಮೇಲೆ ನಿನ್ನ ತಪ್ಪೇನೂ ಇಲ್ಲ.

ಸುಬ್ಬಲಕ್ಷ್ಮಿ: ಅವಳನ್ನ ಆ ಕತ್ತಲಲ್ಲಿ, ಆನೆ ಬಾಯಲ್ಲಿ ಬಿಟ್ಟು ಏಳ್ಲಾ? ನಿಮಗೆ ಬೇಕಾದ್ರೆ ನೀವು ಏಳಿ.

ವಾದಿರಾಜ: ನಾನು ನಿಂತೇ ಇದೀನಿ!

ಸುಬ್ಬಲಕ್ಷ್ಮಿ: ಜ್ಞಾನೇಶಾ, ಇದು ಎಷ್ಟು ಹೊತ್ತು ಬರುತ್ತೆ?

ಜ್ಞಾನೇಶ್: ಹಳೇ ಬ್ಯಾಟರಿ ಅಮ್ಮಾ, ಹೇಳೋಕಾಗಲ್ಲ. ಓದಿ, ಓದಿ! ನೀವ್ಯಾಕೆ ನನ್ನ ಜೊತೆ ಮಾತಾಡ್ತಿದ್ದೀರ? ಸಾರ್, ಪಕ್ಕಕ್ಕೆ ಬನ್ನಿ, ಆ ಪ್ರಿಂಟರಿನ ಪ್ಲಗ್ ಕೀಳ್ತೀನಿ. ಅದೂ ಇದೇ ಬ್ಯಾಟರೀನ ಕುಡೀತಿದೆ. ಯಾರಪ್ಪಾ ಅಲ್ಲಿ, ಬಾಗಿಲಲ್ಲಿ ನಿಂತು ಗಾಳಿ ತಡೀಬೇಡಿ, ಅಮ್ಮಂಗೆ ಸೆಖೆಯಾಗುತ್ತೆ!

ವಾದಿರಾಜರ ಕೈಗೆ ಹಳೆಯ ಕ್ಯಾಲೆಂಡರೊಂದು ಬಂತು. ಯಾರು ಕೊಟ್ಟರೋ ತಿಳಿಯದು. ಅವರು ಹೆಂಡತಿಗೆ ಗಾಳಿ ಬೀಸತೊಡಗಿದರು. ಸುಬ್ಬಲಕ್ಷ್ಮಿಯವರು ಮೌಸಿನ ರೇಷ್ಮೆಯನ್ನು ಕಿತ್ತೆಸೆದರು. ಮಡಿ ಹೋದರೆ ಹೋಯಿತು, ಆಮೇಲೆ ಸ್ನಾನ ಮಾಡಿದರಾಯಿತು. ಈಗ ಬಾಣ ನೆಟ್ಟಗೆ ಓಡಿತು. ಅವರು ಉಸಿರು ಬಿಡದೆ ಓದಿದರು, ಅರ್ಥವನ್ನು ಓಡುತ್ತೋಡುತ್ತಲೇ ಹೇಳಿದರು. ಕೊಂಬೆ ಮುರಿಯಿತು. ರಾಣಿ ಜಾರಿದಳು. ಸಾಲು ಅಯ್ಯೋ ಎಂದಿತು. ಆನೆ ಸೊಂಡಿಲು ಚಾಚಿ ಅವಳನ್ನು ಹೂವಿನ ಬುಟ್ಟಿಯಂತೆ ಹಿಡಿದು, ತನ್ನ ಬೆನ್ನ ಮೇಲೆ ಕೂರಿಸಿಕೊಂಡಿತು. ಅದು ಅವಳ ಅರಮನೆಯ ಪಟ್ಟದಾನೆಯೇ ಆಗಿತ್ತು. ಅವಳು ದಿನಾ ಬೆಲ್ಲ ತಿನ್ನಿಸುತ್ತಿದ್ದ ಆನೆ. ಅವಳನ್ನು ಹುಡುಕಿಕೊಂಡು ಕಾಡೆಲ್ಲ ಅಲೆದು ಬಂದಿತ್ತು.

ಜ್ಞಾನೇಶ್: ಹೇಳಲಿಲ್ವಾ ನಾನು? ಹೇಳಲಿಲ್ವಾ? ಸಾಕಿದ ಆನೆ!

ಅಷ್ಟು ಹೇಳುವುದಕ್ಕೂ ಕರೆಂಟು ಬರುವುದಕ್ಕೂ ಸರಿಹೋಯಿತು. ಫ್ಯಾನು ತಿರುಗಿತು. ಸುಬ್ಬಲಕ್ಷ್ಮಿಯವರು ಇದರಲ್ಲಿ ಆಶ್ಚರ್ಯವೇನಿದೆ ಎಂಬಂತೆ ಫ್ಯಾನನ್ನೊಮ್ಮೆ ನೋಡಿ, ಉಳಿದ ಪದ್ಯಗಳನ್ನು ಓದಿದರು. ಆನೆ ರಾಣಿಯನ್ನು ಊರಿಗೆ ತಂದಿತು. ಕೋಟೆ ಬಾಗಿಲಿಗೆ ರಾಜನೇ ಬಂದ. ಕೆದರಿದ ಕೂದಲು, ನಾರುಸೀರೆಯ ಆ ಹೆಂಗಸನ್ನು ನೋಡಿ, “ಯಾರಮ್ಮಾ ನೀನು?” ಎಂದು ಕೇಳಿದ. ಅಲ್ಲಿಗೆ ಪೂರ್ವಭಾಗ ಮುಗಿಯಿತು.

ಜ್ಞಾನೇಶ್: ಏನು? ಆನೆಗೆ ಗುರುತು ಸಿಕ್ತು, ಗಂಡಂಗೆ ಸಿಗಲಿಲ್ವಾ?

ಸುಬ್ಬಲಕ್ಷ್ಮಿ: ಗಂಡಂದಿರಿಗೆ ಎಲ್ಲಿ ಸಿಗುತ್ತಪ್ಪಾ. ಹಣೆ ಮೇಲಿನ ಕನ್ನಡಕ ಸಿಗಲ್ಲ.

ವಾದಿರಾಜರು ಮೆಲ್ಲಗೆ ಹಣೆ ಮುಟ್ಟಿ ನೋಡಿಕೊಂಡರು. ಸುಬ್ಬಲಕ್ಷ್ಮಿಯವರು ಮಂಗಳ ಹಾಡಿ, ಕರ್ಪೂರ ಬೆಳಗಿ, ಮಾನಿಟರಿಗೆ ಮೂರು ಸುತ್ತು ಆರತಿ ಎತ್ತಿದರು. ಸಾಲು ಎದ್ದು ನಿಂತು ಕೈ ಮುಗಿಯಿತು. ಬಾಳೆಹಣ್ಣು ಚೂರು ಚೂರಾಗಿ ಎಲ್ಲರ ಕೈಗೂ ಬಂತು.

ಸುಬ್ಬಲಕ್ಷ್ಮಿ: ಹೂಂ, ಈಗ ಹೇಳಿ.

ವಾದಿರಾಜ: ಫಸ್ಟ್ ಕ್ಲಾಸ್ ಕಣೇ! ಎಲ್ಲದರಲ್ಲೂ ಪಾಸು! ಫಸ್ಟ್ ಕ್ಲಾಸ್!

ಅಂಗಡಿಯೆಲ್ಲ ಚಪ್ಪಾಳೆ. ಜ್ಞಾನೇಶ್ ಭದ್ರಾವತಿಗೆ ಫೋನು ಹಚ್ಚಿ ಕಿರುಚಿದ. ಅತ್ತ ಕಡೆಯವರ ಕಿರುಚಾಟ ಫೋನಿಲ್ಲದೇ ಕೇಳುವಂತಿತ್ತು. ಸುಬ್ಬಲಕ್ಷ್ಮಿಯವರ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡರು. ಒರೆಸಿಕೊಂಡ ಕಣ್ಣು ಮತ್ತೆ ಪರದೆಯ ಮೇಲೇ ಹೋಯಿತು.

ಸುಬ್ಬಲಕ್ಷ್ಮಿ: ಹಾಗಾದ್ರೆ ಹರಕೆ ತೀರಿತು.

ವಾದಿರಾಜ: ತೀರಿತು ಮಾರಾಯ್ತಿ! ಇನ್ನೇನು, ನಡಿ. ನಾಳೆಯಿಂದ ಬಿಸಿಲಲ್ಲಿ ಬರೋ ಕೆಲಸ ಇಲ್ಲ.

ಸುಬ್ಬಲಕ್ಷ್ಮಿ: ಇಲ್ಲ ಅಲ್ವಾ.

ಅವರು ಮಡಿಪಂಚೆ ಮಡಿಸಿದರು. ಸೇವಂತಿಗೆ ಮಾಲೆ ತೆಗೆದರು. ಎಲ್ಲವೂ ಬಹಳ ನಿಧಾನ. ಫಲಿತಾಂಶದ ಪುಟ ತೆರೆಯಲು ಮೌಸಿಗೆ ಕೈ ಹಾಕಿದ ಜ್ಞಾನೇಶನ ಕಣ್ಣು ಪರದೆಯ ಕೆಳತುದಿಗೆ ಬಿತ್ತು. ಅಲ್ಲಿ ನೀಲಿ ಅಕ್ಷರದಲ್ಲಿ, ಅಡಿಗೆರೆ ಎಳೆದು, ‘ಉತ್ತರಭಾಗ’ ಎಂದು ಬರೆದಿತ್ತು.

ಜ್ಞಾನೇಶ್: ಅಮ್ಮಾ... ಶರಾವತಿದು ಸಿಇಟಿ ರಿಸಲ್ಟ್ ಇನ್ನೂ ಬಂದಿಲ್ಲ ಅಲ್ವಾ?

ವಾದಿರಾಜ: ಏನು ಸಿಇಟಿ? ಅವಳು ಕಾಮರ್ಸ್ ಕಣಯ್ಯಾ. ಸಿಇಟಿ ಬರೆದೇ ಇಲ್ಲ.

ಜ್ಞಾನೇಶ್: ಮತ್ತೆ ಕಾಲೇಜ್ ಸೀಟು? ಸೀಟು ಸಿಗ್ಬೇಕಲ್ಲ ಸಾರ್?

ವಾದಿರಾಜ: ಫಸ್ಟ್ ಕ್ಲಾಸಿಗೆ ಮನೆ ಬಾಗಿಲಿಗೆ ಬಂದು ಕೊಡ್ತಾರೆ. ಇಷ್ಟು ಹೊತ್ತು ಇವಳನ್ನ ಎಬ್ಬಿಸೋಕೆ ಒದ್ದಾಡ್ತಿದ್ದೋನು ನೀನೇ ಅಲ್ವೇನಯ್ಯಾ?

ಜ್ಞಾನೇಶ್: ಆಗ ರಾಣಿ ಮರದ ಮೇಲಿದ್ದಳು ಸಾರ್. ಈಗ ಬಾಗಿಲಲ್ಲಿ ನಿಂತಿದಾಳೆ!

ಸುಬ್ಬಲಕ್ಷ್ಮಿಯವರು ಮಡಿಸಿದ ಪಂಚೆಯನ್ನು ಕಂಕುಳಲ್ಲಿಟ್ಟುಕೊಂಡು ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.

ಸುಬ್ಬಲಕ್ಷ್ಮಿ: ರೀ, ನಿಮಗೆ ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡ್ಕೊಳ್ಳುತ್ತಲ್ವಾ?

ವಾದಿರಾಜ: ನನಗಾ? ಇಲ್ವಲ್ಲ. ಏನೂ ಆಗಿಲ್ಲ ನನಗೆ. ಗಟ್ಟಿಮುಟ್ಟಾಗಿದೀನಿ.

ಸುಬ್ಬಲಕ್ಷ್ಮಿ: ಪಾಪ, ಬಾಯಿ ಬಿಟ್ಟು ಹೇಳ್ಕೊಳ್ಳಲ್ಲ ನೋಡು, ಎಲ್ಲಾ ಒಳಗೇ ನುಂಗ್ತಾರೆ. ಜ್ಞಾನೇಶಾ, ನಾಳೆ ಬಾಗಿಲು ಎಷ್ಟು ಹೊತ್ತಿಗೆ ತೆಗೀತೀಯಪ್ಪಾ?